ಫ್ರೆಡ್ಡಿ ಎಂಬ ಹೆಸರು ಹುಟ್ಟಿದ ಊರಿಗೆ

ನಮ್ಮ ಹನುಮಂತನಗರದ ಮನೆಯಲ್ಲಿ ಒಂದು ಕ್ಯಾಸೆಟ್ ಇತ್ತು. 1991ರ ಡಿಸೆಂಬರಿನಲ್ಲಿ, ಇಂಗ್ಲೆಂಡಿನ ಕ್ವೀನ್ ಎಂಬ ರಾಕ್ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿ ತೀರಿಕೊಂಡ ಮರುತಿಂಗಳು, ಎಂಜಿನಿಯರಿಂಗ್ ಮೊದಲ ವರ್ಷದಲ್ಲಿದ್ದ ಅಣ್ಣ ಯಾರೋ ಗೆಳೆಯನ ಮನೆಯಲ್ಲಿ ತುಂಬಿಸಿಕೊಂಡು ಬಂದದ್ದು. ಡಬ್ಬಿಯ ಬೆನ್ನಿಗೆ ಹಸಿರು ಶಾಯಿಯಲ್ಲಿ, ಕನ್ನಡದಲ್ಲೇ, ‘ಕ್ವೀನ್’ ಎಂದು ಬರೆದಿದ್ದ. 60 ನಿಮಿಷದ ಕ್ಯಾಸೆಟ್ಟು, ಒಂದು ಬದಿಗೆ ಅರ್ಧ ಗಂಟೆ. 1975ರಲ್ಲಿ ಬಂದ ಅವರ ಆ ಹೆಸರಾಂತ ಆರು ನಿಮಿಷದ ಹಾಡು, ‘ಬೊಹೀಮಿಯನ್ ರಾಪ್ಸೊಡಿ’, ಮೊದಲ ಬದಿಯ ಕೊನೆಗಿತ್ತು. ಪೂರ್ತಿ ಹಿಡಿಸಿರಲಿಲ್ಲ. ಮೂವರ ದನಿ ಒಂದರ ಮೇಲೊಂದು ಕೂತು ನೂರಾರು ಜನರ ಮೇಳದಂತೆ ಏಳುವ ಜಾಗವಿದೆಯಲ್ಲ, ಅಲ್ಲಿಗೆ ಬಂದ ಕೂಡಲೇ ಟೇಪು ಮುಗಿದು ಕಟಕ್ ಎಂದು ಗುಂಡಿ ಮೇಲೇಳುತ್ತಿತ್ತು. ಅಲ್ಲಿಂದಾಚೆಗೂ ಆ ಹಾಡು ಇದೆ ಎನ್ನುವುದು ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ, ರೆಸ್ಟ್ ಹೌಸ್ ರಸ್ತೆಯ ಪೆಕೋಸ್ ಪಬ್‌ನಲ್ಲಿ. ಇವತ್ತಿಗೂ ಆ ಜಾಗ ಬಂದಾಗ ನನ್ನ ಕಿವಿ ಕಟಕ್ ಸದ್ದಿಗೆ ಕಾಯುತ್ತದೆ.

ಅಣ್ಣ, ನಾನು ಅರಮನೆ ಮೈದಾನದಲ್ಲಿ ಎಷ್ಟು ಸಲ ನಿಂತಿದ್ದೇವೋ. 2003ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಬಂದಾಗ, 2007ರ ಮಾರ್ಚ್‌ನಲ್ಲಿ ಐರನ್ ಮೇಡನ್ ಬಂದಾಗ, 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ಬಂದಾಗ. ಬೆಂಗಳೂರಿಗೆ ರಾಕ್ ಸಂಗೀತದ ಹುಚ್ಚು ಇವತ್ತಿನದಲ್ಲ. ಆದರೆ ಫ್ರೆಡ್ಡಿ ಬರಲಿಲ್ಲ. ಅವನಿದ್ದಷ್ಟು ದಿನ ಕ್ವೀನ್ ತಂಡ ಭಾರತದಲ್ಲಿ ಒಂದು ಸಲವೂ ಹಾಡಲಿಲ್ಲ. ಎಂಟು ವರ್ಷದವನಾಗಿದ್ದಾಗಿನಿಂದ ಮೀಸೆ ಚಿಗುರುವ ತನಕ ಈ ನೆಲದಲ್ಲೇ ಬೆಳೆದವನು ಅವನು. ಈ ಕೊರಗು ನಮ್ಮಿಬ್ಬರಿಗೂ ಇತ್ತು. ಅವನು ಬರದಿದ್ದರೇನು, ಅವನು ಬೆಳೆದಲ್ಲಿಗೆ ನಾವೇ ಹೋಗೋಣ ಎಂದು ಹತ್ತು ವರ್ಷದಿಂದ ಮಾತಾಡಿಕೊಳ್ಳುತ್ತಲೇ ಇದ್ದೆವು. ಈ ಜನವರಿಯಲ್ಲಿ ಕೊನೆಗೂ ಹೊರಟೆವು.

ಅವನು ಹುಟ್ಟಿದ್ದು 1946ರ ಸೆಪ್ಟೆಂಬರ್ 5ರಂದು, ಆಫ್ರಿಕಾದ ಪೂರ್ವ ಕರಾವಳಿಯ ಜಾಂಜಿಬಾರ್ ದ್ವೀಪದಲ್ಲಿ. ಪಾರ್ಸಿ ಮನೆತನ. ಇಟ್ಟ ಹೆಸರು ಫರೋಖ್ ಬುಲ್ಸಾರಾ. ಮನೆತನದ ಹೆಸರಿನಲ್ಲೇ ಗುಜರಾತಿನ ಬುಲ್ಸಾರ್, ಅಂದರೆ ಇವತ್ತಿನ ವಲ್ಸಾಡ್, ಕೂತಿದೆ. ತಂದೆ ಬೋಮಿ ಅಲ್ಲಿನ ಬ್ರಿಟಿಷ್ ಸರ್ಕಾರದ ಹೈಕೋರ್ಟಿನಲ್ಲಿ ಕ್ಯಾಷಿಯರ್. ಅಭಿಮಾನಿಗಳು ಅವನನ್ನು ಹುಡುಕಿಕೊಂಡು ಹೋಗುವ ಊರುಗಳು ಬೇಕಾದಷ್ಟಿವೆ. ಸ್ವಿಟ್ಜರ್ಲೆಂಡಿನ ಮೊಂಟ್ರೋದಲ್ಲಿ ಸರೋವರದ ದಡಕ್ಕೆ ಮುಖಮಾಡಿ ಅವನ ಕಂಚಿನ ಪ್ರತಿಮೆ 1996ರಿಂದ ನಿಂತಿದೆ. ಲಂಡನ್ನಿನ ಫೆಲ್ತಮ್‌ನಲ್ಲಿ ಅವರ ಕುಟುಂಬ ಇದ್ದ ಮನೆಗೆ 2016ರಲ್ಲಿ ನೀಲಿ ಫಲಕ ಹಾಕಿದರು. ಜಾಂಜಿಬಾರಿನಲ್ಲಿ 2019ರಲ್ಲಿ ವಸ್ತುಸಂಗ್ರಹಾಲಯವೇ ತೆರೆಯಿತು. ನಮ್ಮ ಪಾಲಿಗೆ ಇರುವುದು ಅವನು ಓದಿದ ಊರು, ಮಹಾರಾಷ್ಟ್ರದ ಬೆಟ್ಟದ ಮೇಲಿನ ಪಂಚಗಣಿ. ಬೆಂಗಳೂರಿನಿಂದ 750 ಕಿಲೋಮೀಟರಿಗೆ ಸ್ವಲ್ಪ ಮೇಲು. ಪುಣೆ ಹೆದ್ದಾರಿ ಹಿಡಿದರೆ ಹೆಚ್ಚುಕಮ್ಮಿ ಒಂದೇ ದಾರಿ.

ಹೊರಡುವ ಹಿಂದಿನ ರಾತ್ರಿ ಅಮ್ಮ ಚಪಾತಿ ಲಟ್ಟಿಸುತ್ತಾ ಕೇಳಿದಳು, “ಅದ್ಯಾರ ಊರಿಗೆ ಹೋಗ್ತಿದೀರೋ?” ನಾನು ಕಥೆ ಹೇಳಿದೆ. ಜಾಂಜಿಬಾರಿನಿಂದ ಹುಡುಗನನ್ನು ಹಡಗು ಹತ್ತಿಸಿದ್ದು, ಮುಂಬಯಿಗೆ ಬಂದದ್ದು, ಅಲ್ಲಿಂದ ಬೆಟ್ಟದ ಮೇಲಿನ ಬೋರ್ಡಿಂಗ್ ಶಾಲೆ.

“ಎಷ್ಟು ವರ್ಷ ಆಗ ಅವನಿಗೆ?”

“ಎಂಟು.”

ಅಮ್ಮ ಲಟ್ಟಣಿಗೆ ನಿಲ್ಲಿಸಿದಳು. “ಅಯ್ಯೋ, ಎಂಟಕ್ಕೇ ಕಳಿಸಿಬಿಟ್ರಾ?” ಎಂದಳು. ಅಣ್ಣ ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಚುತ್ತಿದ್ದ. ಅವನಿಗೂ ಕೇಳಿಸಿರಬೇಕು. ಏನೂ ಅನ್ನಲಿಲ್ಲ.

ಮೊದಲ ದಿನ: ಬೆಂಗಳೂರು – ಬೆಳಗಾವಿ

ಬೆಳಗಿನ ಐದಕ್ಕೆಲ್ಲ ಗೊರಗುಂಟೆಪಾಳ್ಯ ದಾಟಿದ್ದೆವು. ಈ ದಾರಿಯಲ್ಲಿ ಅದೊಂದು ಮಾತು ನೆನಪಿಡಿ. ಐದೂವರೆಯ ಒಳಗೆ ನೆಲಮಂಗಲದ ಟೋಲ್ ದಾಟಿದರೆ ದಿನವೆಲ್ಲ ನಿಮ್ಮದು, ತಡವಾದರೆ ಲಾರಿಗಳದ್ದು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದೆವು. ಬಟ್ಟೆಯ ಗುರುತು ಮೇಲ್ಮೈಯಲ್ಲಿ ಹಾಗೇ ಉಳಿದ ಇಡ್ಲಿ, ಅದರ ಮೇಲೆ ಒಂದು ತುಂಡು ಬೆಣ್ಣೆ. ಶಿರಾ, ಹಿರಿಯೂರು ಕಳೆದು ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುವುದು ಕಂಡಾಗ ಬಿಸಿಲು ಏರಿತ್ತು. ದಾವಣಗೆರೆಯಲ್ಲಿ ಹೊಟ್ಟೆ ತುಂಬಿದ್ದರೂ ಬೆಣ್ಣೆ ದೋಸೆ ಬಿಡಲಾಗಲಿಲ್ಲ. ಅಮ್ಮ ಕಟ್ಟಿಕೊಟ್ಟ ಚಪಾತಿ, ಚಟ್ನಿಪುಡಿ ರಾತ್ರಿಗೆ ಉಳಿಯಿತು.

ಕಾರಿನಲ್ಲಿ ಹಾಡು ಹಾಕುವ ಕೆಲಸ ನನ್ನದು. ಫ್ರೆಡ್ಡಿಯ ದನಿಯನ್ನು ಕೇಳುವುದಕ್ಕೂ ಒಂದು ಕ್ರಮ ಮಾಡಿಕೊಂಡಿದ್ದೆ. ಮೊದಲು 1973ರ ಮೊದಲ ಆಲ್ಬಂ, ಆಮೇಲೆ ವರ್ಷ ವರ್ಷಕ್ಕೆ ಒಂದೊಂದು. ರಾಣೆಬೆನ್ನೂರಿಗೆ ಬರುವ ಹೊತ್ತಿಗೆ 1975ಕ್ಕೆ ಬಂದಿದ್ದೆವು. ಆ ಹಾಡನ್ನು ಮಾತ್ರ ಅಣ್ಣ ಬೇಡ ಎಂದ. “ಅದನ್ನ ಕೊನೆಗೆ ಇಟ್ಕೊ,” ಅಂದ. ಬಿಟ್ಟೆ.

ಹುಬ್ಬಳ್ಳಿ–ಧಾರವಾಡದ ಬೈಪಾಸಿನಲ್ಲಿ ನಾನು, “ಅಣ್ಣ, ಧಾರವಾಡದ ಒಳಗೆ ಹೋಗಿ ಪೇಡಾ ತಗೊಳ್ಳೋಣ, ಅರ್ಧ ಗಂಟೆ ಅಷ್ಟೇ,” ಎಂದೆ. “ಬೆಳಗಾವಿಯಲ್ಲಿ ಕುಂದಾ ಸಿಗುತ್ತೆ ಬಿಡು,” ಎಂದವನು ವೇಗ ಕಡಿಮೆ ಮಾಡಲಿಲ್ಲ. ಅವನು ಓದಿದ್ದು ಧಾರವಾಡದಲ್ಲೇ, ಹಾಸ್ಟೆಲಿನಲ್ಲಿ, ನಾಲ್ಕನೆಯ ಕ್ಲಾಸಿನಿಂದ ಹತ್ತರವರೆಗೆ. ಅಪ್ಪ ಆಗ ಸೂಪಾ ಅಣೆಕಟ್ಟಿನ ಕೆಲಸದಲ್ಲಿದ್ದರು. ಕಾಡಿನ ನಡುವೆ ಇದ್ದ ಕಾಲೊನಿ. ನಾನು ಆಗ ತೀರಾ ಚಿಕ್ಕವಳು, ಅಪ್ಪ ಅಮ್ಮನ ಜೊತೆಗೇ ಇದ್ದೆ. ಅಣ್ಣ ಎಂದರೆ ರಜೆಗೆ ಬರುವವನು, ಟ್ರಂಕಿನ ಸಮೇತ ಬರುವವನು, ಅಷ್ಟೇ ನನ್ನ ನೆನಪು. ಆ ಏಳು ವರ್ಷದ ಬಗ್ಗೆ ಅವನು ಯಾವತ್ತೂ ಮಾತಾಡಿದ್ದಿಲ್ಲ. ನಾವೂ ಕೇಳಿದ್ದಿಲ್ಲ.

ಸಂಜೆ ಬೆಳಗಾವಿ ಸೇರಿದೆವು. ಕುಂದಾ ಸಿಕ್ಕಿತು.

ಎರಡನೆಯ ದಿನ: ಬೆಳಗಾವಿ – ವಾಯಿ – ಪಂಚಗಣಿ

ಬೆಳಗಾವಿಯಿಂದ ಮುಂದೆ ಬೋರ್ಡುಗಳ ಭಾಷೆ ನಿಧಾನವಾಗಿ ಬದಲಾಗುತ್ತದೆ. ನಿಪ್ಪಾಣಿಯವರೆಗೆ ಎರಡೂ ಒಟ್ಟಿಗೆ, ಆಮೇಲೆ ಮರಾಠಿಯೊಂದೇ. ಕಬ್ಬು ಕಡಿಯುವ ಕಾಲ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಸ್ತೆಯ ಎಡಭಾಗವನ್ನೆಲ್ಲ ತಮ್ಮದೇ ಮಾಡಿಕೊಂಡಿದ್ದವು, ಬಗ್ಗಿದ ಕಬ್ಬಿನ ಗರಿ ಕಾರಿನ ಗಾಜಿಗೆ ಸವರುತ್ತಿತ್ತು. ಕೊಲ್ಹಾಪುರದಲ್ಲಿ ಮಿಸಳ್ ತಿಂದೆವು. ಅಲ್ಲಿನ ಖಾರದ ಬಗ್ಗೆ ಕೇಳಿದ್ದೆಲ್ಲ ನಿಜ. ಕರಾಡ್, ಸಾತಾರಾ ದಾಟಿ, ಹೆದ್ದಾರಿಯಿಂದ ಎಡಕ್ಕೆ ಇಳಿದು ವಾಯಿ ಊರಿಗೆ ಬಂದಾಗ ಮಧ್ಯಾಹ್ನ ಮೂರು.

ವಾಯಿಯಲ್ಲಿ ಕೃಷ್ಣೆ ಇನ್ನೂ ಎಳೆಯವಳು. ಆಲಮಟ್ಟಿಯಲ್ಲಿ ಸಮುದ್ರದಂತೆ ಹರಡಿಕೊಂಡ ಕೃಷ್ಣೆಯನ್ನು ನೋಡಿದವರಿಗೆ ಇಲ್ಲಿನ ಈ ಹೊಳೆ ಅವಳೇ ಎಂದರೆ ನಂಬುವುದು ಕಷ್ಟ. ದಡದಲ್ಲಿ ಸಾಲು ಸಾಲು ಕಲ್ಲಿನ ಮೆಟ್ಟಿಲು, ಮೆಟ್ಟಿಲಿನ ಮೇಲೆ 1762ರಲ್ಲಿ ರಾಸ್ತೆ ಮನೆತನದವರು ಕಟ್ಟಿಸಿದ ಢೋಲ್ಯಾ ಗಣಪತಿ. ಹೆಸರಿಗೆ ತಕ್ಕ ಹಾಗೆ ಡೊಳ್ಳು ಹೊಟ್ಟೆಯ ದೊಡ್ಡ ಮೂರ್ತಿ. ಗುಡಿಯ ಹಿಂಬದಿಯ ಗೋಡೆಯನ್ನು ಮೀನಿನ ಮೈಯಂತೆ ಚೂಪಾಗಿಸಿದ್ದಾರೆ. ನೆರೆ ಬಂದಾಗ ನೀರು ಗೋಡೆಗೆ ಬಡಿಯದೆ ಎರಡು ಕಡೆಗೂ ಸೀಳಿಕೊಂಡು ಹೋಗಲಿ ಎಂದು. ಅಣ್ಣ ಸಿವಿಲ್ ಎಂಜಿನಿಯರ್. ಆ ಗೋಡೆಯ ಮುಂದೆ ಕಾಲು ಗಂಟೆ ನಿಂತ.

ವಾಯಿಯಿಂದ ಪಂಚಗಣಿಗೆ ಪಸರಣಿ ಘಾಟು. ಹತ್ತು ಹನ್ನೆರಡು ಕಿಲೋಮೀಟರಿನ ಏರು. ತಿರುವು ತಿರುವಿಗೂ ಕೃಷ್ಣೆಯ ಕಣಿವೆ, ಧೋಮ್ ಅಣೆಕಟ್ಟಿನ ನೀರು ಇನ್ನಷ್ಟು ಕೆಳಗೆ ಇಳಿಯುತ್ತಾ ಹೋಗುತ್ತದೆ. ಈ ಘಾಟನ್ನು ಹಗಲಲ್ಲೇ ಹತ್ತಿ. ಮಳೆಗಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್ ತನಕ, ಮಂಜು ಮುಸುಕಿ ಮುಂದಿನ ಗಾಡಿಯೂ ಕಾಣುವುದಿಲ್ಲ ಎಂದು ಟೀ ಅಂಗಡಿಯವರು ಹೇಳಿದರು. ಸಿಡ್ನಿ ಪಾಯಿಂಟಿನಲ್ಲಿ ಕಾರು ನಿಲ್ಲಿಸಿದೆವು. ಸಮುದ್ರದ ಮಟ್ಟದಿಂದ ಸುಮಾರು 1,300 ಮೀಟರ್ ಎತ್ತರ. ದ್ವೀಪದಲ್ಲಿ, ಅಲೆಯ ಸದ್ದಿನಲ್ಲಿ ಹುಟ್ಟಿ ಬೆಳೆದ ಹುಡುಗ, 4,000 ಕಿಲೋಮೀಟರಿಗೂ ಹೆಚ್ಚು ದೂರ ಹಡಗಿನಲ್ಲಿ ಬಂದು ಇಲ್ಲಿಗೆ ಹತ್ತಿದ. ಮೇಲೆ ಬಂದು ತಿರುಗಿ ನೋಡಿದರೆ ಎಲ್ಲಿ ನೋಡಿದರೂ ಗುಡ್ಡ. ಸಮುದ್ರ ಯಾವ ದಿಕ್ಕಿಗಿದೆ ಎಂದು ಅವನಿಗೆ ಗೊತ್ತಾಗಿದ್ದಿರಲಿಕ್ಕಿಲ್ಲ.

ಊರು ಸಣ್ಣದು. ರಸ್ತೆಯ ಎರಡು ಬದಿಗೂ ಸಿಲ್ವರ್ ಓಕ್. ಬ್ರಿಟಿಷರ ಕಾಲದಲ್ಲಿ ಜಾನ್ ಚೆಸ್ಸನ್ ಎಂಬಾತ ಈ ಊರನ್ನು ಕಟ್ಟುವಾಗ ಎಲ್ಲೆಲ್ಲಿಂದಲೋ ತರಿಸಿ ನೆಟ್ಟ ಗಿಡಗಳ ವಂಶ. ನಮ್ಮ ಕೊಡಗಿನ ಕಾಫಿ ತೋಟದಲ್ಲಿ ನೋಡುವ ಮರವೇ. ಗಾಳಿ ಬೀಸಿದಾಗ ಎಲೆಯ ಹೊಟ್ಟೆ ಬೆಳ್ಳಗೆ ಹೊಳೆಯುತ್ತದೆ. ಒಣಹವೆ, ಒಳ್ಳೆಯ ಗಾಳಿ ಎಂದು ಈ ಊರಿಗೆ ಮೊದಲು ಬಂದವರು ರೋಗಿಗಳು, ಆಮೇಲೆ ಬೋರ್ಡಿಂಗ್ ಶಾಲೆಗಳು. ಮುಂಬಯಿಯ ಪಾರ್ಸಿಗಳಿಗೂ ಇದು ಬೇಕಾದ ಊರಾಯಿತು. 1912ರಲ್ಲಿ ಡಾ. ಬಿಲಿಮೋರಿಯಾ ಎಂಬ ಪಾರ್ಸಿ ವೈದ್ಯರು ಇಲ್ಲಿ ಕ್ಷಯರೋಗದ ಆಸ್ಪತ್ರೆ ತೆರೆದರು. ಜಾಂಜಿಬಾರಿನ ಪಾರ್ಸಿ ದಂಪತಿಗೆ ತಮ್ಮ ಮಗನಿಗೆ ಈ ಬೆಟ್ಟವೇ ಯಾಕೆ ಹೊಳೆಯಿತು ಎನ್ನುವುದು ಊರಲ್ಲಿ ಒಂದು ಸುತ್ತು ಹಾಕಿದರೆ ಅರ್ಥವಾಗುತ್ತದೆ. ಮುಂಬಯಿಯಲ್ಲಿ ಅಜ್ಜಿ, ಚಿಕ್ಕಮ್ಮನ ಮನೆಯಿತ್ತು, ಸಣ್ಣ ರಜೆಗಳಿಗೆ ಅಲ್ಲಿಗೆ ಹೋಗಬಹುದಿತ್ತು. ಮಗನನ್ನು ಪರದೇಶಕ್ಕೆ ಕಳಿಸುತ್ತಿದ್ದೇವೆ ಎಂದು ಅವರಿಗೆ ಅನ್ನಿಸಿರಲಿಕ್ಕಿಲ್ಲ, ಊರಿಗೇ ಕಳಿಸುತ್ತಿದ್ದೇವೆ ಎಂದುಕೊಂಡಿರಬೇಕು.

ರಾತ್ರಿ ಚಳಿ ಎಂದರೆ ಚಳಿ. ಎರಡು ಕಂಬಳಿ ಕೇಳಿ ತೆಗೆದುಕೊಂಡೆವು.

ಮೂರನೆಯ ದಿನ: ಗೇಟಿನ ಈಚೆ

ಫ್ರೆಡ್ಡಿ ಓದಿದ ಸೇಂಟ್ ಪೀಟರ್ಸ್ ಶಾಲೆ ಇವತ್ತಿಗೂ ನಡೆಯುತ್ತಿರುವ ಬೋರ್ಡಿಂಗ್ ಶಾಲೆ. ಇದನ್ನು ಅಭಿಮಾನಿಗಳು ಮೊದಲು ತಲೆಯಲ್ಲಿಟ್ಟುಕೊಳ್ಳಬೇಕು. ಅದು ಸ್ಮಾರಕವಲ್ಲ, ಒಳಗೆ ಮಕ್ಕಳಿದ್ದಾರೆ. ಮೊದಲೇ ಬರೆದು ಅನುಮತಿ ಪಡೆಯದೆ ಒಳಗೆ ಬಿಡಿ ಎನ್ನುವುದು ತಪ್ಪು. ನಾವು ಪತ್ರ ಬರೆದಿರಲಿಲ್ಲ. ಗೇಟಿನ ಈಚೆ ನಿಂತು ಬರುವುದು ಎಂದುಕೊಂಡೇ ಹೋದೆವು.

ಬೆಳಗಿನ ಎಂಟು ಗಂಟೆ. ಕೆಂಪು ಮಣ್ಣಿನ ಮೇಲೆ ಇನ್ನೂ ಇಬ್ಬನಿ ಆರಿರಲಿಲ್ಲ. ಕಾವಲುಗಾರರು ಅರವತ್ತರ ಆಸುಪಾಸಿನವರು, ತಲೆಗೆ ಉಣ್ಣೆಯ ಟೋಪಿ, ಕೈಯಲ್ಲಿ ಸ್ಟೀಲಿನ ಲೋಟ. ನಮ್ಮನ್ನು ನೋಡಿದವರೇ ಏನು, ಯಾರು ಎಂದು ಕೇಳಲಿಲ್ಲ. “ಫ್ರೆಡ್ಡಿ?” ಎಂದರು. ನಾವು ತಲೆಯಾಡಿಸಿದೆವು. ಹಿಂದಿಯಲ್ಲೇ ಹೇಳಿದರು, ಒಳಗೆ ಬಿಡಲಾಗುವುದಿಲ್ಲ, ಇಲ್ಲಿ ನಿಂತುಕೊಳ್ಳಿ, ಬೇಕಾದಷ್ಟು ಹೊತ್ತು ನಿಂತುಕೊಳ್ಳಿ, ಹುಡುಗರ ಫೋಟೋ ಮಾತ್ರ ತೆಗೆಯಬೇಡಿ. ನಿಂತೆವು.

ಎಲ್ಲಿಂದಲೋ ಗಂಟೆ ಹೊಡೆಯಿತು. ಹುಡುಗರು ಓಡುವ ಸದ್ದು, ಒಬ್ಬ ಇನ್ನೊಬ್ಬನನ್ನು ಅಡ್ಡಹೆಸರು ಹಿಡಿದು ಕೂಗುವ ಸದ್ದು.

ಫರೋಖ್ ಫ್ರೆಡ್ಡಿ ಆದದ್ದು ಇಲ್ಲೇ. ಗೆಳೆಯರು, ಮೇಷ್ಟ್ರುಗಳು ಕರೆದೂ ಕರೆದೂ ಹೆಸರು ಅಂಟಿಕೊಂಡಿತು. ಆಮೇಲೆ ಮನೆಯವರೂ ಹಾಗೇ ಕರೆಯತೊಡಗಿದರು. ಇನ್ನೊಂದು ಹೆಸರೂ ಇತ್ತು, ಬಕಿ. ಮುಂದೆ ಚಾಚಿದ ಮೇಲಿನ ಹಲ್ಲುಗಳನ್ನು ಆಡಿಕೊಳ್ಳುವ ಹೆಸರು. ಅವನ ಮೇಲ್ದವಡೆಯಲ್ಲಿ ನಾಲ್ಕು ಹೆಚ್ಚಿನ ಹಲ್ಲು ಇದ್ದವು. ದೊಡ್ಡವನಾಗಿ ದುಡ್ಡು ಬೇಕಾದಷ್ಟು ಬಂದ ಮೇಲೂ ಅವನ್ನು ತೆಗೆಸಲಿಲ್ಲ, ದನಿ ಬದಲಾದೀತು ಎಂಬ ಹೆದರಿಕೆಗೆ. ಬಕಿ ಎಂಬ ಹೆಸರನ್ನು ಬಿಟ್ಟ, ಆ ಹಲ್ಲುಗಳನ್ನು ಉಳಿಸಿಕೊಂಡ.

ಸಂಗೀತವೂ ಇಲ್ಲಿಯದೇ. ಪಿಯಾನೋ ನುಡಿಸುವುದರಲ್ಲಿ ಹುಡುಗನ ಕೈ ಬೇರೆ ಥರ ಇದೆ ಎಂದು ಶಾಲೆಯ ಮುಖ್ಯಸ್ಥರೇ ಮನೆಗೆ ಕಾಗದ ಬರೆದರಂತೆ. ಶುಲ್ಕ ಹೆಚ್ಚಾಗುತ್ತದೆ, ಆದರೂ ಸರಿಯಾಗಿ ಕಲಿಸಿ ಎಂದು. ತಂದೆತಾಯಿ ಒಪ್ಪಿದರು. ನಾಲ್ಕನೆಯ ಗ್ರೇಡಿನ ತನಕ ಪರೀಕ್ಷೆ ಪಾಸು ಮಾಡಿದ. ರೇಡಿಯೋದಲ್ಲಿ ಒಂದು ಸಲ ಕೇಳಿದ ಹಾಡನ್ನು ಹಾಗೇ ಪಿಯಾನೋ ಮೇಲೆ ತರುತ್ತಿದ್ದ ಎಂದು ಜೊತೆಯ ಹುಡುಗರು ನೆನಪಿಸಿಕೊಂಡಿದ್ದಾರೆ. ಅವನ ಕಿವಿಯಲ್ಲಿ ಕ್ಲಿಫ್ ರಿಚರ್ಡ್, ಲಿಟಲ್ ರಿಚರ್ಡ್ ಇದ್ದ ಹಾಗೆ ಲತಾ ಮಂಗೇಶ್ಕರ್ ಕೂಡ ಇದ್ದರು. 1958ರಲ್ಲಿ, ಹನ್ನೆರಡನೆಯ ವಯಸ್ಸಿಗೆ, ಕಿರಿಯರ ವಿಭಾಗದ ಸರ್ವಾಂಗೀಣ ಸಾಧಕ ಎಂದು ಶಾಲೆ ಅವನಿಗೆ ಪಾರಿತೋಷಕ ಕೊಟ್ಟಿತು. ಓದು, ಟೇಬಲ್ ಟೆನಿಸ್, ಬಾಕ್ಸಿಂಗ್, ನಾಟಕ, ಎಲ್ಲದರಲ್ಲೂ ಇದ್ದ.

ಅದೇ ವರ್ಷ ಐದು ಹುಡುಗರು ಸೇರಿ ಒಂದು ತಂಡ ಕಟ್ಟಿದರು. ಹೆಸರು ದಿ ಹೆಕ್ಟಿಕ್ಸ್. ಫ್ರೆಡ್ಡಿ ಪಿಯಾನೋಗೆ, ಡೆರಿಕ್ ಬ್ರಾಂಚ್ ಗಿಟಾರಿಗೆ, ಫರಂಗ್ ಇರಾನಿ ಬೇಸ್‌ಗೆ, ನೇಪಾಳದ ವಿಕ್ಟರಿ ರಾಣಾ ಡ್ರಮ್ಮಿಗೆ. ಹಾಡುತ್ತಿದ್ದವನು ಬ್ರೂಸ್ ಮರ್ರಿ. ಹೌದು, ಫ್ರೆಡ್ಡಿ ಮರ್ಕ್ಯುರಿ ಇದ್ದ ಮೊದಲ ತಂಡದ ಮುಖ್ಯ ಗಾಯಕ ಫ್ರೆಡ್ಡಿ ಅಲ್ಲ. ಅವನು ಪಿಯಾನೋ ಹಿಂದೆ ಕೂತು ದನಿಗೂಡಿಸುತ್ತಿದ್ದ. ನನಗೆ ಇಡೀ ಪಂಚಗಣಿಯಲ್ಲಿ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಇದು. 1985ರ ಜುಲೈ 13ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ, ಲೈವ್ ಏಡ್ ಕಛೇರಿಯಲ್ಲಿ, 70,000ಕ್ಕೂ ಹೆಚ್ಚು ಜನರನ್ನು ಇಪ್ಪತ್ತು ನಿಮಿಷ ತನ್ನ ಅಂಗೈ ಮೇಲೆ ಕುಣಿಸಿದವನು, ಇಲ್ಲಿ, ಈ ಗೇಟಿನ ಆಚೆ, ಬೇರೆಯವನ ಹಾಡಿಗೆ ಜೊತೆ ಕೊಡುತ್ತಾ ನಾಲ್ಕೈದು ವರ್ಷ ಕಾದ. ರಾಣಾ ಮುಂದೆ ನೇಪಾಳದ ಸೇನೆಯಲ್ಲಿ ಜನರಲ್ ಆದರು. ಬ್ರಾಂಚ್ ನಟನಾದ. ಇರಾನಿ ಪುಣೆಯಲ್ಲಿ ಹೋಟೆಲು ನಡೆಸಿದ.

ಇದನ್ನೆಲ್ಲ ನಾನು ಅಣ್ಣನಿಗೆ ಹೇಳುತ್ತಿದ್ದೆ. ಅವನಿಗೂ ಗೊತ್ತಿದ್ದದ್ದೇ. ಆದರೂ ಅಂಥ ಜಾಗದಲ್ಲಿ ಗೊತ್ತಿದ್ದನ್ನೇ ಹೇಳಿಕೊಳ್ಳಬೇಕು ಅನ್ನಿಸುತ್ತದೆ. ಅವನು ಗೇಟಿನ ಸರಳು ಹಿಡಿದು ಒಳಗೆ ನೋಡುತ್ತಿದ್ದ. ಆಮೇಲೆ ಇದ್ದಕ್ಕಿದ್ದಂತೆ ಹೇಳಿದ,

“ನನ್ನನ್ನ ಸೂಪಾ ಅಂತ ಕರೀತಿದ್ರು.”

“ಯಾರು?”

“ಹಾಸ್ಟೆಲಲ್ಲಿ. ನನ್ನ ಹೆಸರಿನವನೇ ಇನ್ನೊಬ್ಬ ಇದ್ದ. ಇಬ್ಬರಿಗೂ ಒಂದೇ ಹೆಸರು ಆದರೆ ಹೆಂಗೆ ಅಂತ, ಇವನು ಸೂಪಾದಿಂದ ಬಂದವನು, ಸೂಪಾ. ಏಳು ವರ್ಷ ಅದೇ. ಮೇಷ್ಟ್ರೂ ಹಾಜರಿ ಕೂಗುವಾಗ ಮರೆತು ಸೂಪಾ ಅಂದುಬಿಡೋರು.”

ನಲವತ್ತಾರು ವರ್ಷ ಅವನ ತಂಗಿಯಾಗಿದ್ದೇನೆ, ಆ ಹೆಸರು ಕೇಳಿರಲಿಲ್ಲ. ಏನನ್ನಬೇಕೋ ತಿಳಿಯದೆ ಸುಮ್ಮನಿದ್ದೆ. ಕಾವಲುಗಾರರು ಒಳಗಿನಿಂದ ಇನ್ನೆರಡು ಲೋಟ ಚಹಾ ತಂದುಕೊಟ್ಟರು. ಶುಂಠಿ ಜಜ್ಜಿ ಹಾಕಿದ ಚಹಾ. ದುಡ್ಡು ಕೊಡಹೋದರೆ ಕೈ ಹಿಂದಕ್ಕೆಳೆದುಕೊಂಡರು.

ಅಲ್ಲಿಂದ ಟೇಬಲ್ ಲ್ಯಾಂಡ್. ಊರಿನ ತಲೆಯ ಮೇಲೆ ಮೇಜು ಇಟ್ಟ ಹಾಗೆ ಚಪ್ಪಟೆಯಾದ, ಜಂಬಿಟ್ಟಿಗೆ ಕಲ್ಲಿನ ವಿಶಾಲ ಬಯಲು. ಸುತ್ತ ಇರುವ ಐದು ಗುಡ್ಡಗಳಿಂದಲೇ ಪಂಚಗಣಿ ಎಂಬ ಹೆಸರು ಬಂತು ಎನ್ನುತ್ತಾರೆ. ಕುದುರೆ ಗಾಡಿಗಳು, ಜೋಳದ ತೆನೆ ಸುಡುವವರು, ಗಾಳಿ. ಕುದುರೆ ಸವಾರಿ ನಮಗೆ ಬೇಕಿರಲಿಲ್ಲ, ಅಂಚಿನವರೆಗೆ ನಡೆದೆವು. ಶಾಲೆಯ ಹುಡುಗರನ್ನು ಅಡ್ಡಾಡಲು ಬಿಟ್ಟಾಗ ಬರುತ್ತಿದ್ದದ್ದು ಇಂಥ ಕಡೆಗೇ ಇರಬೇಕು. ಅಣ್ಣ ಅಲ್ಲಿ ಕೂತು ಇನ್ನಷ್ಟು ಹೇಳಿದ. ಅಪ್ಪ ಬಿಟ್ಟುಹೋದ ಮೊದಲ ದಿನ ಟ್ರಂಕಿನ ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಟ್ಟಿದ್ದರಂತೆ. ರಾತ್ರಿ ಮಗ್ಗುಲು ಬದಲಿಸಿದಾಗಲೆಲ್ಲ ಅದು ಹೊಟ್ಟೆಗೆ ತಣ್ಣಗೆ ತಾಗುತ್ತಿತ್ತಂತೆ. ಹಾಸ್ಟೆಲು ಹಳಿಯಾಳ ರಸ್ತೆಯ ಬದಿಗಿತ್ತು. ದಾಂಡೇಲಿಯ ಬಸ್ಸು ರಾತ್ರಿ ಹೋಗುವ ಸದ್ದು ಕೇಳುತ್ತಿತ್ತು. ಗೇರು ಬದಲಿಸುವ ಸದ್ದಿನಲ್ಲೇ ಅದು ತನ್ನ ಊರಿನ ಕಡೆಯ ಬಸ್ಸು ಎಂದು ಗುರುತು ಹಿಡಿಯುತ್ತಿದ್ದ.

“ಅಳ್ತಿದ್ಯಾ?” ಎಂದೆ.

“ಮೊದಲ ವರ್ಷ. ಆಮೇಲೆ ಅಡುಗೆ ಭಟ್ಟರ ರೇಡಿಯೋ ಇತ್ತು. ಪಾತ್ರೆ ತೊಳೆಯೋಕೆ ಸಹಾಯ ಮಾಡ್ತೀನಿ ಅಂತ ಹೋಗಿ ಕೂರ್ತಿದ್ದೆ. ಹಾಡು ಅಂದರೇನು ಅಂತ ಗೊತ್ತಾಗಿದ್ದು ಅಲ್ಲೇ.”

ಮಧ್ಯಾಹ್ನ ಮಹಾಬಳೇಶ್ವರದ ದಾರಿ ಹಿಡಿದೆವು. ದಾರಿಯುದ್ದಕ್ಕೂ ಸ್ಟ್ರಾಬೆರಿ ಹೊಲ, ಬುಟ್ಟಿ ಹಿಡಿದು ನಿಂತ ಹೆಂಗಸರು. ಜನವರಿ, ಫೆಬ್ರವರಿಯಲ್ಲಿ ಹೋದರೆ ಹಣ್ಣು ಗಿಡದಿಂದ ನೇರ ಬುಟ್ಟಿಗೆ ಬಂದದ್ದು ಸಿಗುತ್ತದೆ. ಪಾರ್ಸಿ ಪಾಯಿಂಟಿನಲ್ಲಿ ಇಳಿದೆವು. ಒಂದು ಕಾಲಕ್ಕೆ ಪಾರ್ಸಿ ಕುಟುಂಬಗಳು ಬಂದು ಕೂರುತ್ತಿದ್ದ ಜಾಗ, ಹೆಸರೂ ಅದರಿಂದಲೇ. ಕೆಳಗೆ ಮತ್ತೆ ಅದೇ ಕೃಷ್ಣೆಯ ಕಣಿವೆ. ಪಕ್ಕದ ಭಿಲಾರ್ ಎಂಬ ಹಳ್ಳಿಯನ್ನು 2017ರಿಂದ ಪುಸ್ತಕಗಳ ಊರು ಮಾಡಿದ್ದಾರೆ. ಮನೆಮನೆಯ ಜಗಲಿಯಲ್ಲಿ, ನಡುಮನೆಯಲ್ಲಿ ಮರಾಠಿ ಪುಸ್ತಕಗಳ ಕಪಾಟು, ಯಾರು ಬೇಕಾದರೂ ಹೋಗಿ ಕೂತು ಓದಬಹುದು. ನಮ್ಮಲ್ಲೂ ಇಂಥದೊಂದು ಹಳ್ಳಿ ಆಗಬೇಕು ಅನ್ನಿಸಿತು.

ಸಂಜೆಗೆ ಹಳೆಯ ಮಹಾಬಳೇಶ್ವರದ ಪಂಚಗಂಗಾ ಗುಡಿ. ಕೃಷ್ಣಾ, ಕೊಯ್ನಾ, ವೆಣ್ಣಾ, ಸಾವಿತ್ರಿ, ಗಾಯತ್ರಿ ಇಲ್ಲೇ ಹುಟ್ಟುತ್ತವೆ ಎಂಬ ನಂಬಿಕೆ. ಕಲ್ಲಿನ ಹಸುವಿನ ಬಾಯಿಂದ ಬೀಳುವ ನೀರು ನನ್ನ ಕೈಬೆರಳಿನಷ್ಟು ದಪ್ಪವಿರಬಹುದು. ಅದನ್ನು ಅಣ್ಣ ಬೊಗಸೆಯಲ್ಲಿ ಹಿಡಿದ. ನಮ್ಮ ನಾರಾಯಣಪುರದ ಕಾಲುವೆಗಳಿಗೆ ಹೋಗುವ ನೀರು ಎಂದು ನಾನಂದೆ. ಅಭಿಮಾನಿಗಳ ಪ್ರವಾಸದಲ್ಲಿ ಇದು ಇರಬೇಕಾದ ಜಾಗವೇನಲ್ಲ. ಆದರೆ ಕನ್ನಡದವರು ಅಲ್ಲಿಯ ತನಕ ಹೋಗಿ ಇದನ್ನು ಬಿಟ್ಟು ಬರಬಾರದು.

ರಾತ್ರಿ ಊಟದ ಹೊತ್ತಿಗೆ ಮುಂದಿನ ಕಥೆಯೂ ಬಂತು. 1963ರ ಹೊತ್ತಿಗೆ ಫ್ರೆಡ್ಡಿ ಜಾಂಜಿಬಾರಿಗೆ, ಅಪ್ಪ ಅಮ್ಮನ ಬಳಿಗೆ, ವಾಪಸಾದ. ಅಷ್ಟು ವರ್ಷ ಕಾದು ಸಿಕ್ಕಿದ ಮನೆ ಅವನಿಗೆ ಒಂದು ವರ್ಷವೂ ಗಟ್ಟಿಯಾಗಿ ಉಳಿಯಲಿಲ್ಲ. 1964ರ ಜನವರಿಯಲ್ಲಿ ಅಲ್ಲಿ ಕ್ರಾಂತಿಯಾಯಿತು, ಕುಟುಂಬ ಇಂಗ್ಲೆಂಡಿಗೆ ಹೋಯಿತು. ಈಲಿಂಗ್‌ನಲ್ಲಿ ಕಲೆ ಓದಿದ, 1970ರಲ್ಲಿ ಕ್ವೀನ್ ಕಟ್ಟಿದರು, ಬುಲ್ಸಾರಾ ಹೋಗಿ ಮರ್ಕ್ಯುರಿ ಬಂತು. ಸಂದರ್ಶನಗಳಲ್ಲಿ ಬಾಲ್ಯದ ಬಗ್ಗೆ ಅವನು ಹೆಚ್ಚು ಹೇಳುತ್ತಿರಲಿಲ್ಲ. ಅವನು ಇಂಡಿಯಾವನ್ನು ಮುಚ್ಚಿಟ್ಟ ಎಂದು ಕೆಲವರಿಗೆ ಸಿಟ್ಟಿದೆ. ನನಗೂ ಒಂದು ಕಾಲಕ್ಕೆ ಇತ್ತು. ಗೇಟಿನ ಬಳಿ ನಿಂತು ಬಂದ ಮೇಲೆ ಆ ಸಿಟ್ಟು ಇಲ್ಲ. ಪಂಚಗಣಿ ಕೊಟ್ಟ ಹೆಸರನ್ನು ಅವನು ಕೊನೆಯ ತನಕ ಬದಲಿಸಲಿಲ್ಲ. 1991ರ ನವೆಂಬರ್ 24ರಂದು ಅವನು ತೀರಿಕೊಂಡಾಗ ಜಗತ್ತೆಲ್ಲ ಅತ್ತದ್ದು ಆ ಹೆಸರು ಹೇಳಿಯೇ.

ನಾಲ್ಕನೆಯ ದಿನ: ಹಳಿಯಾಳ ರಸ್ತೆ

ಬೆಳಗಿನ ನಾಲ್ಕಕ್ಕೆ ಹೊರಟೆವು. ಘಾಟು ಇಳಿಯುವಾಗ ಕೆಳಗೆ ವಾಯಿಯ ದೀಪಗಳಷ್ಟೇ. ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ ಎಲ್ಲೂ ಹೆಚ್ಚು ನಿಲ್ಲಲಿಲ್ಲ. ಹನ್ನೊಂದರ ಹೊತ್ತಿಗೆ ಧಾರವಾಡ ಬಂತು. ನಾನು ಏನೂ ಕೇಳಿರಲಿಲ್ಲ. ಅಣ್ಣ ತಾನೇ ಬೈಪಾಸು ಬಿಟ್ಟು ಊರೊಳಕ್ಕೆ ತಿರುಗಿಸಿದ.

ಹಾಸ್ಟೆಲಿನ ಕಟ್ಟಡ ಇದೆ, ಹಾಸ್ಟೆಲು ಇಲ್ಲ. ಕೆಳಗೆ ಯಾವುದೋ ಗೋದಾಮು, ಮೇಲೆ ಬೀಗ. ಹಂಚು ಹೋಗಿ ತಗಡು ಬಂದಿದೆ. ಕೇಳುವವರು ಯಾರೂ ಇರಲಿಲ್ಲ, ಸೀದಾ ಒಳಗೆ ಹೋದೆವು. ಹಿಂದುಗಡೆ ಅಡುಗೆಮನೆಯ ಗೋಡೆಯಲ್ಲಿ ಹೊಗೆ ಹೋಗಲು ಬಿಟ್ಟ ಕಿಂಡಿ, ಅದರ ಸುತ್ತ ಈಗಲೂ ಕಪ್ಪು. ಕಿಂಡಿಯ ಕೆಳಗೆ ಮೊಣಕಾಲೆತ್ತರದ ಒಂದು ಕಲ್ಲಿನ ಕಟ್ಟೆ. ಅಣ್ಣ ಅದರ ಮೇಲೆ ಕೂತ. ಐವತ್ತೆರಡು ವರ್ಷದವನು, ಮೊಣಕಾಲು ಎದೆಗೆ ಬರುವಂತೆ ಕೂತ.

“ರೇಡಿಯೋ ಅಲ್ಲಿತ್ತು,” ಎಂದು ಕಿಂಡಿಯ ಪಕ್ಕದ ಮೊಳೆ ತೋರಿಸಿದ. ಮೊಳೆ ಇನ್ನೂ ಇತ್ತು.

ರಸ್ತೆಯಲ್ಲಿ ಒಂದು ಬಸ್ಸು ಹೋಯಿತು. ಇಬ್ಬರೂ ಆ ಕಡೆ ತಿರುಗಿದೆವು. ದಾಂಡೇಲಿಯದೇ.

ಪೇಡಾ ಅಂಗಡಿಯ ಮುಂದೆ ಸಾಲಿತ್ತು. ಅಣ್ಣ ನಿಂತು ಎರಡು ಕಿಲೋ ಕಟ್ಟಿಸಿದ. ಆಮೇಲೆ ಹಾವೇರಿ, ದಾವಣಗೆರೆ, ತುಮಕೂರು. ನೆಲಮಂಗಲ ದಾಟಿದ ಮೇಲೆ, “ಈಗ ಹಾಕು,” ಎಂದ. ಕೊನೆಗೆ ಎಂದು ಇಟ್ಟುಕೊಂಡಿದ್ದ ಹಾಡು. ಟ್ರಾಫಿಕ್ಕಿನಲ್ಲಿ ಆರು ನಿಮಿಷಕ್ಕೆ ಎಲ್ಲಿಗೂ ತಲುಪುವುದಿಲ್ಲ, ಮೂರು ಸಲ ಹಾಕಿದೆವು. ಮೂರು ಸಲವೂ ಆ ದನಿಗಳು ಏಳುವ ಜಾಗದಲ್ಲಿ ಅಣ್ಣ ಸ್ಟೀರಿಂಗಿನ ಮೇಲೆ ಬೆರಳಿನಿಂದ ಒಂದು ಪೆಟ್ಟು ಹಾಕಿದ, ಸರಿಯಾಗಿ ಕಟಕ್ ಎನ್ನುತ್ತಿದ್ದ ಕಡೆ. ಅವನ ಕಿವಿಯೂ ಅದಕ್ಕೆ ಕಾಯುತ್ತಿತ್ತು ಎಂದು ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ.

ಮನೆ ಮುಟ್ಟಿದಾಗ ರಾತ್ರಿ ಒಂಬತ್ತು. ಅಮ್ಮ ಗೇಟಿನ ದೀಪ ಹಾಕಿಕೊಂಡು ಕೂತಿದ್ದಳು.

“ನೋಡಿದ್ರಾ ಆ ಹುಡುಗನ ಶಾಲೆ?”

“ನೋಡಿದ್ವಿ,” ಅಣ್ಣ ಪೇಡಾದ ಡಬ್ಬಿ ಅವಳ ಕೈಗೆ ಕೊಟ್ಟ. “ಬರ್ತಾ ಧಾರವಾಡಕ್ಕೂ ಹೋಗಿದ್ದೆ ಅಮ್ಮ. ಹಾಸ್ಟೆಲಿಗೆ.”

ಅಮ್ಮ ಡಬ್ಬಿಗೆ ಕಟ್ಟಿದ್ದ ದಾರ ಬಿಚ್ಚತೊಡಗಿದಳು. ಗಂಟು ಬಿಗಿಯಾಗಿತ್ತು, ತುಂಬಾ ಹೊತ್ತು ಹಿಡಿಯಿತು. ಒಂದು ಪೇಡಾ ತೆಗೆದು ಅವನ ಬಾಯಿಗಿಟ್ಟಳು.

“ಕೈಕಾಲು ತೊಳ್ಕೊ. ಸಾರು ಬಿಸಿ ಮಾಡ್ತೀನಿ,” ಎಂದಳು.